ಮೌನವೂ ಶ್ರಮವೂ: ಶ್ರೀಲಂಕೆಯ ಸರ್ವೋದಯ ಚಳವಳಿಯಲ್ಲಿ ಮೈತ್ರಿಧ್ಯಾನ

ಧ್ಯಾನವೆಂದೊಡನೆ ಜನರ ಮನಸ್ಸಿನಲ್ಲಿ ಮೂಡುವುದು ಏಕಾಂತದ ಚಿತ್ರ. ಗುಹೆ, ಕಾಡು, ನದೀತೀರ, ಮುಚ್ಚಿದ ಕಣ್ಣು ಇವು ಅದರ ಪರಿಕರಗಳು. ಸಮಾಜ ಪರಿವರ್ತನೆಯೆಂದೊಡನೆ ಮೂಡುವುದಾದರೋ ಅದಕ್ಕೆ ತೀರ ವಿರುದ್ಧವಾದುದು: ಸಭೆ, ಮೆರವಣಿಗೆ, ಭಾಷಣ, ಕಾಯಿದೆ. ಧ್ಯಾನಿಯನ್ನು ಸುಧಾರಕನು ಪಲಾಯನವಾದಿಯೆಂದು ಜರೆಯುವುದೂ, ಸುಧಾರಕನನ್ನು ಕಂಡು ಧ್ಯಾನಿಯು ಇವನಿಗೆ ಒಳಗಣ ನೆಲೆಯೇ ಇಲ್ಲವಲ್ಲಾ ಎಂದು ಮರುಗುವುದೂ ಹಳೆಯ ರೂಢಿ. ಅಂಗೈಯ ಲಿಂಗದಲ್ಲಿ ದೃಷ್ಟಿಯನ್ನು ನಿಲ್ಲಿಸಿದವರೇ ದೋಣಿ ನಡೆಸುತ್ತ, ಹಗ್ಗ ಹೊಸೆಯುತ್ತ, ಚರ್ಮ ಹದಮಾಡುತ್ತ ಕಾಯಕದಲ್ಲಿದ್ದ ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಬಲ್ಲ ನಾಡಿನಲ್ಲಿ ಈ ವಿವಾದವು ಎಂದೋ ಇತ್ಯರ್ಥವಾಗಿರಬೇಕಾಗಿತ್ತು. ಆದರೆ ತತ್ತ್ವದಲ್ಲಿ ಒಂದಾದುವು ಆಚರಣೆಯಲ್ಲಿ ಮತ್ತೆ ಬೇರೆಯಾಗುವುದು ಲೋಕದ ಸ್ವಭಾವ. ಬೆಳಗಿನ ಪೂಜೆ ಪೂಜೆಯಾಗಿಯೂ ಹಗಲಿನ ವ್ಯವಹಾರ ವ್ಯವಹಾರವಾಗಿಯೂ ಉಳಿದುಬಿಡುತ್ತವೆ.

ಆದುದರಿಂದ ಇವೆರಡನ್ನೂ ಒಂದೇ ನೊಗಕ್ಕೆ ಕಟ್ಟಲು ಇತ್ತೀಚಿನ ಕಾಲದಲ್ಲಿ ನಡೆದ ಒಂದು ದೀರ್ಘ ಪ್ರಯೋಗವನ್ನು ಪರಿಶೀಲಿಸುವುದು ಉಪಯುಕ್ತವಾದೀತು. ಅದು ನಡೆದುದು ನೆರೆಯ ಶ್ರೀಲಂಕೆಯಲ್ಲಿ. ಅದರ ಧಾರ್ಮಿಕ ಹಿನ್ನೆಲೆ ಬೌದ್ಧ. ಅದನ್ನು ಆರಂಭಿಸಿದವನು ಮಠಾಧಿಪತಿಯಲ್ಲ, ರಾಜಕಾರಣಿಯಲ್ಲ. ಒಂದು ಶಾಲೆಯ ಉಪಾಧ್ಯಾಯ. ಅದರ ಮೊದಲ ಕಾರ್ಯಕರ್ತರು ಆತನ ವಿದ್ಯಾರ್ಥಿಗಳು. ವಿದ್ಯಾಸಂಸ್ಥೆಗಳೊಡನೆ ಸಂಬಂಧವುಳ್ಳವರು ಅದನ್ನು ಗಮನಿಸಲು ಈ ಕೊನೆಯ ಮಾತೊಂದೇ ಸಾಕಾದ ಕಾರಣ.

ಅಹಂಗಾಮಗೆ ತ್ಯೂಡರ್ ಅರಿಯರತ್ನೆಯವರು ಜನಿಸಿದುದು 1931ರ ನವೆಂಬರ್ 5ರಂದು, ದ್ವೀಪದ ದಕ್ಷಿಣ ತೀರದ ಗಾಲೆ ಜಿಲ್ಲೆಯ ಉನವಟುನ ಎಂಬ ಹಳ್ಳಿಯಲ್ಲಿ. ಕೊಲಂಬೊ ನಗರದ ನಾಳಂದಾ ಕಾಲೇಜಿನಲ್ಲಿ ಅವರು ಅಧ್ಯಾಪಕರಾದರು. ಕಾಲೇಜೆಂಬ ಹೆಸರಿದ್ದರೂ ಅದು ಬಾಲಕರ ಶಾಲೆಯೇ. ಬೌದ್ಧ ಕುಟುಂಬಗಳ, ಅದರಲ್ಲಿಯೂ ಅನುಕೂಲಸ್ಥರ ಮಕ್ಕಳು ಓದಲು ಬರುತ್ತಿದ್ದ ಹೆಸರಾಂತ ಸಂಸ್ಥೆ. 1958ರಲ್ಲಿ ಅರಿಯರತ್ನೆಯವರು ರಜೆಯ ದಿನಗಳಲ್ಲಿ ಸುಮಾರು ನಲವತ್ತು ಮಂದಿ ವಿದ್ಯಾರ್ಥಿಗಳನ್ನೂ ಕೆಲವರು ಸಹೋದ್ಯೋಗಿಗಳನ್ನೂ ಕರೆದುಕೊಂಡು ಕನತೊಳುವ ಎಂಬ ಗ್ರಾಮಕ್ಕೆ ಹೋದರು. ಅಲ್ಲಿ ವಾಸವಾಗಿದ್ದವರು ರೊಡಿಯ ಜನ.

ರೊಡಿಯರ ವಿಷಯವಾಗಿ ಒಂದೆರಡು ಮಾತು ಅವಶ್ಯಕ. ಬೌದ್ಧಧರ್ಮವು ಜಾತಿಯನ್ನು ಒಪ್ಪದಿದ್ದರೂ ಬೌದ್ಧ ಸಮಾಜವು ಜಾತಿಯನ್ನು ಬಿಟ್ಟಿರಲಿಲ್ಲ. ಸಿಂಹಳ ಜಾತಿಶ್ರೇಣಿಯ ಅತ್ಯಂತ ಕೆಳಗಿನ ಮೆಟ್ಟಿಲಿನಲ್ಲಿ ಇರಿಸಲ್ಪಟ್ಟಿದ್ದ ಈ ಜನರಿಗೆ ಭಿಕ್ಷಾಟನೆಯೇ ವಿಧಿಸಿದ ವೃತ್ತಿ. ಸೊಂಟದ ಮೇಲೆ ವಸ್ತ್ರ ಧರಿಸುವುದು ಒಂದು ಕಾಲಕ್ಕೆ ಅವರಿಗೆ ನಿಷಿದ್ಧವಾಗಿತ್ತು. ಕಂಡಿಯ ರಾಜ್ಯದಲ್ಲಿ ಇಪ್ಪತ್ತು ವರ್ಷಗಳ ಸಮೀಪ ಸೆರೆಯಲ್ಲಿದ್ದ ರಾಬರ್ಟ್ ನಾಕ್ಸ್ ಎಂಬ ಆಂಗ್ಲ ನಾವಿಕನು 1681ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ಬಹಿಷ್ಕೃತರ ಸ್ಥಿತಿಯನ್ನು ವರ್ಣಿಸಿದ್ದಾನೆ. ಕಾನೂನು ಬದಲಾದರೂ ಊರಿನ ಕಣ್ಣು ಬದಲಾಗುವುದು ತಡ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿಯೂ ನಗರದ ಒಳ್ಳೆಯ ಮನೆತನದ ಹುಡುಗನೊಬ್ಬನು ರೊಡಿಯರ ಕೇರಿಯಲ್ಲಿ ತಂಗುವುದೆಂದರೆ ತಂದೆತಾಯಿಗಳು ಎದೆಯ ಮೇಲೆ ಕೈಯಿಟ್ಟುಕೊಳ್ಳುವ ಸಂಗತಿಯಾಗಿತ್ತು.

ವಿದ್ಯಾರ್ಥಿಗಳು ಅಲ್ಲಿ ಕೆಲವು ದಿನ ಇದ್ದು ಬಾವಿ ತೋಡಿದರು, ನೆಲ ಹದಮಾಡಿದರು, ಮಕ್ಕಳಿಗೆ ಅಕ್ಷರ ಕಲಿಸಿದರು, ಅವರೊಡನೆ ಉಂಡರು. ಕೆಲಸದ ಮೊತ್ತವನ್ನು ಲೆಕ್ಕ ಹಾಕಿದರೆ ಅದೇನೂ ದೊಡ್ಡದಲ್ಲ. ನುರಿತ ಕೂಲಿಯವರು ಅದನ್ನು ಇನ್ನೂ ಬೇಗ, ಇನ್ನೂ ಅಚ್ಚುಕಟ್ಟಾಗಿ ಮಾಡುತ್ತಿದ್ದರು. ಪುಸ್ತಕದಲ್ಲಿ ‘ಸಬ್ಬೇ ಸತ್ತಾ’, ಎಂದರೆ ‘ಸಕಲ ಜೀವಿಗಳು’, ಎಂದು ಓದಿದ್ದ ಬಾಲಕನು ಆ ಸಕಲರಲ್ಲಿ ರೊಡಿಯನೂ ಸೇರಿದ್ದಾನೆಂಬುದನ್ನು ಅವನ ಮಡಕೆಯ ನೀರು ಕುಡಿದು ಅರಿತನು. ಆ ಶಿಬಿರದ ಗಳಿಕೆ ಇದು. ಮೈತ್ರಿಯ ಪಾಠವು ಕುಳಿತು ಮಾಡುವ ಭಾವನೆಯಿಂದ ಎದ್ದು ನಿಂತು ಮಾಡುವ ಕೆಲಸಕ್ಕೆ ಬಂದಿತು. ಮುಂದೆ ‘ಶ್ರಮದಾನ’ವೆಂಬ ಹೆಸರಿನಿಂದ ಇಂಥ ಶಿಬಿರಗಳು ಒಂದಾದ ಮೇಲೊಂದು ನಡೆದುವು.

ಈ ಚಳವಳಿಗೆ ‘ಸರ್ವೋದಯ’ವೆಂಬ ಹೆಸರು ಭಾರತದಿಂದ ಹೋಯಿತು. ರಸ್ಕಿನ್ನನ ಗ್ರಂಥವೊಂದನ್ನು 1908ರಲ್ಲಿ ಗುಜರಾತಿಯಲ್ಲಿ ಸಂಗ್ರಹಿಸಿ ಬರೆಯುವಾಗ ಗಾಂಧೀಜಿಯವರು ಟಂಕಿಸಿದ ಶಬ್ದ ಅದು. ‘ಎಲ್ಲರ ಏಳಿಗೆ’ ಎಂಬುದು ಅವರ ಅಭಿಪ್ರಾಯ. ವಿನೋಬಾ ಭಾವೆಯವರ ಭೂದಾನ, ಗ್ರಾಮದಾನಗಳ ಕಾಲದಲ್ಲಿ ಅದು ಮನೆಮಾತಾಯಿತು. ಮೈಸೂರಿನ ಬಳಿಯ ಯಲವಾಲದಲ್ಲಿ 1957ರ ಸೆಪ್ಟೆಂಬರಿನಲ್ಲಿ ನಡೆದ ಗ್ರಾಮದಾನ ಪರಿಷತ್ತಿಗೆ ಪ್ರಧಾನಿ ನೆಹರೂ ಅವರೂ ಬಂದಿದ್ದುದನ್ನು ಹಿರಿಯ ತಲೆಮಾರಿನವರು ಹೇಳುತ್ತಿದ್ದುದು ಇಂದಿನ ಹಿರಿಯರಿಗೆ ನೆನಪಿರಬಹುದು. ವಿನೋಬಾರ ಕಾರ್ಯವನ್ನು ಭಾರತಕ್ಕೆ ಬಂದು ಕಂಡ ಅರಿಯರತ್ನೆಯವರು ಆ ಶಬ್ದವನ್ನು ಸ್ವೀಕರಿಸಿದರು, ಆದರೆ ಅದರ ಅರ್ಥವನ್ನು ತುಸು ಹೊರಳಿಸಿದರು. ‘ಉದಯ’ವೆಂದರೆ ಅವರಿಗೆ ಏಳಿಗೆಗಿಂತ ಹೆಚ್ಚಾಗಿ ಎಚ್ಚರ. ಬುದ್ಧನೆಂದರೆ ಎಚ್ಚತ್ತವನಲ್ಲವೆ? ಹಾಗೆ ಸರ್ವೋದಯವೆಂದರೆ ಎಲ್ಲರೂ ಎಚ್ಚರಗೊಳ್ಳುವುದು: ಮೊದಲು ವ್ಯಕ್ತಿ, ಬಳಿಕ ಕುಟುಂಬ, ಗ್ರಾಮ, ದೇಶ, ಲೋಕ. ಭಾರತದ ಸರ್ವೋದಯವು ಭೂಮಿಯ ದಾನದಿಂದ ಹೊರಟರೆ ಲಂಕೆಯ ಸರ್ವೋದಯವು ಬೆವರಿನ ದಾನದಿಂದ ಹೊರಟಿತು. ಭೂಮಿಯಿಲ್ಲದವನೂ ಕೊಡಬಹುದಾದ ದಾನ ಇದೆಂಬುದು ಅದರ ಹೆಚ್ಚುಗಾರಿಕೆ.

ಶ್ರಮದಾನ ಶಿಬಿರದ ದಿನಚರಿಯಲ್ಲಿ ಎರಡು ಅಂಗಗಳು. ಒಂದು ಕೆಲಸ: ರಸ್ತೆ, ಬಾವಿ, ಕೆರೆಯ ಹೂಳು, ಶಾಲೆಯ ಗೋಡೆ, ಹಳ್ಳಿಗೆ ಏನು ಬೇಕೋ ಅದು. ಇನ್ನೊಂದು ‘ಕುಟುಂಬ ಸಭೆ’. ಕೆಲಸಕ್ಕೆ ಮುನ್ನ, ನಡುವೆ, ಸಂಜೆಗೆ ಎಲ್ಲರೂ ನೆಲದ ಮೇಲೆ ಒಟ್ಟಾಗಿ ಕೂಡುತ್ತಾರೆ. ಸಭೆಯು ಆರಂಭವಾಗುವುದು ಮೌನದಿಂದ. ಒಂದೆರಡು ನಿಮಿಷ ಕಣ್ಣು ಮುಚ್ಚಿ ಉಸಿರನ್ನು ಗಮನಿಸಿ, ತನಗೂ ಸುತ್ತಣವರಿಗೂ ಸಕಲ ಪ್ರಾಣಿಗಳಿಗೂ ಸುಖವಾಗಲೆಂದು ಭಾವಿಸುವ ಮೈತ್ರಿಧ್ಯಾನ ಅದು. ಊರಿನಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಇದ್ದರೆ ಅವರವರ ಪ್ರಾರ್ಥನೆಗೂ ಅವಕಾಶವುಂಟು. ಆ ಬಳಿಕ ಮಾತು, ಹಾಡು, ಚರ್ಚೆ. ಸಭೆಯಲ್ಲಿ ಒಬ್ಬರನ್ನೊಬ್ಬರು ಬಂಧುವಾಚಕಗಳಿಂದಲೇ ಕರೆಯಬೇಕು. ಸಿಂಹಳದಲ್ಲಿ ಅಣ್ಣನು ‘ಅಯ್ಯಾ’, ತಮ್ಮನು ‘ಮಲ್ಲಿ’, ತಂಗಿಯು ‘ನಂಗಿ’. ಅಕ್ಕನಿಗೂ ಅಮ್ಮನಿಗೂ ಸಿಂಹಳರು ಬಳಸುವ ಮಾತುಗಳು ಕನ್ನಡಿಗರಿಗೆ ಅನುವಾದವಿಲ್ಲದೆ ತಿಳಿಯುತ್ತವೆ. ಅವು ‘ಅಕ್ಕಾ’, ‘ಅಮ್ಮಾ’. ಜಿಲ್ಲಾಧಿಕಾರಿಯು ಬಂದರೂ ಅವನು ಅಯ್ಯಾ. ರೊಡಿಯ ಮುದುಕಿಯು ಎದ್ದು ನಿಂತರೆ ಅವಳು ಅಮ್ಮಾ. ಕನ್ನಡ ನಾಡಿನಲ್ಲಿ ‘ಅಪ್ಪ’, ‘ಅಣ್ಣ’, ‘ಅಕ್ಕ’ ಎಂಬ ಸಂಬೋಧನೆಗಳು ಜಾತಿಗಳ ಗೋಡೆಯನ್ನು ದಾಟಿದ ಬಗೆಯನ್ನು ಬಲ್ಲವರಿಗೆ ಇದರ ಹಿಂದಿನ ಆಲೋಚನೆ ಅಪರಿಚಿತವೆನಿಸದು.

ಇಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ. ಎರಡು ನಿಮಿಷದ ಮೌನದಿಂದ ಏನಾದೀತು? ಸಭೆಗಳ ಆರಂಭದಲ್ಲಿ ಪ್ರಾರ್ಥನೆ ಹೇಳುವುದು, ಕೊನೆಯಲ್ಲಿ ವಂದನಾರ್ಪಣೆ ಮಾಡುವುದು ಎಲ್ಲ ಕಡೆಯೂ ಇದೆ. ಇದೂ ಅಂಥದೇ ಒಂದು ಶಿಷ್ಟಾಚಾರವಲ್ಲವೆ? ಉತ್ತರವನ್ನು ಆ ಧ್ಯಾನದ ಕ್ರಮದಲ್ಲಿಯೇ ಹುಡುಕಬೇಕು.

ಬೌದ್ಧ ಸಾಧನೆಯ ಮೂಲಶಬ್ದ ‘ಸತಿ’. ಸಂಸ್ಕೃತದ ‘ಸ್ಮೃತಿ’ಯ ಪಾಲಿರೂಪ. ಸ್ಮೃತಿಯೆಂದರೆ ನೆನಪು, ಆದರೆ ಇಲ್ಲಿ ಅದು ಕಳೆದುದರ ನೆನಪಲ್ಲ, ಈಗ ನಡೆಯುತ್ತಿರುವುದನ್ನು ಮರೆಯದಿರುವುದು. ಉಸಿರು ಒಳಗೆ ಬರುವಾಗ ಬರುತ್ತಿದೆಯೆಂದು, ಹೊರಗೆ ಹೋಗುವಾಗ ಹೋಗುತ್ತಿದೆಯೆಂದು, ಕೋಪ ಏಳುವಾಗ ಏಳುತ್ತಿದೆಯೆಂದು ತಿಳಿಯುವುದು. ಕನ್ನಡದಲ್ಲಿ ಇದಕ್ಕೆ ‘ಎಚ್ಚರ’ವೆಂಬ ಮಾತು ಚೆನ್ನಾಗಿ ಒಪ್ಪುತ್ತದೆ. ಆದರೆ ಬರಿಯ ಎಚ್ಚರವು ಸಾಲದು. ಎಚ್ಚರದಿಂದಿರುವ ಕಳ್ಳನೂ ಉಂಟಷ್ಟೆ! ಆದುದರಿಂದ ಎಚ್ಚರಕ್ಕೆ ಜೊತೆಯಾಗಿ ನಾಲ್ಕು ಭಾವನೆಗಳನ್ನು ಬೆಳೆಸಬೇಕೆಂಬ ವಿಧಿಯಿದೆ: ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ. ಬೌದ್ಧರು ಇವನ್ನು ಬ್ರಹ್ಮವಿಹಾರಗಳೆನ್ನುತ್ತಾರೆ. ಪತಂಜಲಿಯ ಯೋಗಸೂತ್ರವೂ ಚಿತ್ತಪ್ರಸಾದಕ್ಕೆ ಈ ನಾಲ್ಕನ್ನೇ ಹೇಳುತ್ತದೆ.

ಮೈತ್ರಿಭಾವನೆಯನ್ನು ಬೆಳೆಸುವ ಬಗೆಯನ್ನು ಕುರಿತು ಅತ್ಯಂತ ವಿವರವಾಗಿ ಬರೆದವನು ಬುದ್ಧಘೋಷ. ಕ್ರಿಸ್ತಶಕ ಐದನೆಯ ಶತಮಾನದಲ್ಲಿ ಲಂಕೆಯ ಅನುರಾಧಪುರದ ಮಹಾವಿಹಾರದಲ್ಲಿದ್ದು ಅವನು ರಚಿಸಿದ ‘ವಿಸುದ್ಧಿಮಗ್ಗ’ವು ಈ ವಿಷಯದಲ್ಲಿ ಒಬ್ಬ ಅನುಭವಿ ಉಪಾಧ್ಯಾಯನ ಟಿಪ್ಪಣಿಯಂತಿದೆ. ಶಿಷ್ಯನು ಎಲ್ಲಿ ಎಡವುತ್ತಾನೆಂಬುದನ್ನು ಅವನು ಮೊದಲೇ ಬಲ್ಲ. ಆರಂಭದಲ್ಲಿಯೇ ಶತ್ರುವಿನ ಮೇಲೆ ಮೈತ್ರಿಯನ್ನು ಭಾವಿಸಲು ಹೋಗಬೇಡ, ಸಿಟ್ಟು ಏಳುತ್ತದೆ ಎನ್ನುತ್ತಾನೆ. ಅತಿಪ್ರಿಯನಾದವನಿಂದಲೂ ಆರಂಭಿಸಬಾರದು, ಅವನಿಗೊದಗಿದ ಚಿಕ್ಕ ಕಷ್ಟವನ್ನು ನೆನೆದರೂ ಅಳು ಬರುವಂತಾಗುತ್ತದೆ. ಮೊದಲು ತನ್ನನ್ನೇ ತೆಗೆದುಕೊಳ್ಳಬೇಕು. ಇದು ಸ್ವಾರ್ಥವಲ್ಲ, ಸಾಕ್ಷ್ಯ. ತನಗೆ ಸುಖ ಬೇಕು, ದುಃಖ ಬೇಡವೆಂಬುದನ್ನು ಕಂಡುಕೊಂಡವನಿಗೆ ಮಾತ್ರ ಇತರರಿಗೂ ಹಾಗೆಯೇ ಎಂಬುದು ಗೊತ್ತಾಗುತ್ತದೆ. ಅನಂತರ ಗೌರವಾರ್ಹನಾದ ಗುರು, ಬಳಿಕ ಪ್ರಿಯಮಿತ್ರ, ಬಳಿಕ ಬೇಕೂ ಅಲ್ಲದ ಬೇಡವೂ ಅಲ್ಲದ ಮಧ್ಯಸ್ಥ, ಎಲ್ಲಕ್ಕೂ ಕೊನೆಯಲ್ಲಿ ವೈರಿ.

ವೈರಿಯ ಬಳಿಗೆ ಬಂದಾಗ ಸಿಟ್ಟು ಎದ್ದೇ ಏಳುತ್ತದೆ. ಅದಕ್ಕೆ ಬುದ್ಧಘೋಷನು ಒಂದರ ಹಿಂದೆ ಒಂದರಂತೆ ಉಪಾಯಗಳನ್ನು ಸೂಚಿಸುತ್ತಾನೆ. ಹಿಂದಕ್ಕೆ ಹೋಗಿ ಮಿತ್ರನನ್ನು ನೆನೆದು ಮತ್ತೆ ಬಾ. ವೈರಿಯಲ್ಲಿ ಒಂದಾದರೂ ಒಳ್ಳೆಯ ಗುಣವಿದ್ದರೆ ಅದನ್ನಷ್ಟೇ ನೋಡು. ಒಂದೂ ಇಲ್ಲದಿದ್ದರೆ ಅವನ ಗತಿಗೆ ಮರುಕಪಡು. ಸಿಟ್ಟು ಬೇರೆಯವನಿಗೆ ಎಸೆಯಲು ಕೈಯಲ್ಲಿ ಹಿಡಿದ ಕೆಂಡ, ಮೊದಲು ಸುಡುವುದು ನಿನ್ನ ಕೈಯನ್ನೇ ಎಂದು ತಿಳಿ. ನಿನಗೆ ಸಿಟ್ಟು ಬಂದಿರುವುದು ಅವನ ಯಾವ ಭಾಗದ ಮೇಲೆ? ಕೂದಲಿನ ಮೇಲೋ, ಉಗುರಿನ ಮೇಲೋ ಎಂದು ವಿಂಗಡಿಸಿ ನೋಡು. ಇಷ್ಟೆಲ್ಲ ಮಾಡಿದರೂ ಸಿಟ್ಟು ಇಳಿಯದಿದ್ದರೆ? ಕಟ್ಟಕಡೆಯ ಮದ್ದಾಗಿ ಬುದ್ಧಘೋಷನು ಹೇಳುವುದು ಒಂದು ಭಾವನೆಯನ್ನಲ್ಲ, ಒಂದು ಕ್ರಿಯೆಯನ್ನು. ಅವನಿಗೆ ನಿನ್ನದೊಂದು ವಸ್ತುವನ್ನು ಕೊಡು. ಅವನು ಕೊಟ್ಟರೆ ತೆಗೆದುಕೊ. ಕೊಡುಕೊಳೆಯಿಂದ ಹಳೆಯ ಹಗೆ ಕರಗುತ್ತದೆ.

ಒಳಗಿನ ಎಲ್ಲ ಉಪಾಯಗಳೂ ಸೋತ ಕಡೆಯಲ್ಲಿ ಆ ಪ್ರಾಚೀನ ಗ್ರಂಥಕಾರನು ಸಾಧಕನನ್ನು ಎಬ್ಬಿಸಿ ಹೊರಗೆ, ಮತ್ತೊಬ್ಬ ಮನುಷ್ಯನ ಬಾಗಿಲಿಗೆ ಕಳುಹಿಸಿದನು. ಶ್ರಮದಾನವು ಹೊರಟುದು ಸರಿಯಾಗಿ ಆ ಬಾಗಿಲಿನಿಂದ. ಊರಿಗೆ ರಸ್ತೆ ಬೇಕಾದರೆ ಯಾರದೋ ಗದ್ದೆಯ ಅಂಚು ಹೋಗಬೇಕು. ಅಂಚು ಬಿಡಬೇಕಾದರೆ ನೆರೆಯವನೊಡನೆ ಇರುವ ಹಳೆಯ ವ್ಯಾಜ್ಯ ಮುಗಿಯಬೇಕು. ರಸ್ತೆಯನ್ನು ಜನರು ಮಾಡುವಾಗ ಜನರನ್ನು ರಸ್ತೆ ಮಾಡುತ್ತದೆ ಎಂಬ ಭಾವದ ಮಾತು ಸರ್ವೋದಯದವರಲ್ಲಿ ಘೋಷಣೆಯೇ ಆಯಿತು. ಎರಡು ನಿಮಿಷದ ಮೌನವು ಆ ಗದ್ದೆಯ ಒಡೆಯನಿಗೂ ಅವನ ನೆರೆಯವನಿಗೂ ಒಂದೇ ನೆಲದ ಮೇಲೆ ಪಕ್ಕದಲ್ಲಿ ಕೂಡುವ ಅಭ್ಯಾಸವನ್ನು ಕಲಿಸಿತು. ಅದರ ಬೆಲೆಯನ್ನು ಗಡಿಯಾರದಿಂದ ಅಳೆಯಲಾಗದು.

ಬುದ್ಧಘೋಷನ ಇನ್ನೊಂದು ವಿಚಾರವು ಕನ್ನಡಿಗರಿಗೆ ವಿಶೇಷವಾಗಿ ಮನನೀಯ. ಪ್ರತಿಯೊಂದು ಸದ್ಭಾವನೆಗೂ ಇಬ್ಬರು ಶತ್ರುಗಳೆಂದು ಅವನು ಹೇಳುತ್ತಾನೆ: ದೂರದ ಶತ್ರು, ಹತ್ತಿರದ ಶತ್ರು. ಮೈತ್ರಿಗೆ ದೂರದ ಶತ್ರು ದ್ವೇಷ. ಅದನ್ನು ಯಾರಾದರೂ ಗುರುತಿಸಬಲ್ಲರು. ಹತ್ತಿರದ ಶತ್ರು ವ್ಯಾಮೋಹ. ಅದು ಮೈತ್ರಿಯ ವೇಷದಲ್ಲಿಯೇ ಮನೆಯೊಳಗೆ ಬರುತ್ತದೆ. ಕರುಣೆಗೆ ಹತ್ತಿರದ ಶತ್ರು ಶೋಕ. ಉಪೇಕ್ಷೆಗೆ ದೂರದ ಶತ್ರುಗಳು ರಾಗದ್ವೇಷಗಳಾದರೆ ಹತ್ತಿರದ ಶತ್ರು ತಿಳಿಗೇಡಿತನದ ಅಲಕ್ಷ್ಯ. ಮೂಲದಲ್ಲಿ ಉಪೇಕ್ಷೆಯೆಂದರೆ ಪಕ್ಷಪಾತವಿಲ್ಲದೆ ಹತ್ತಿರದಿಂದ ನೋಡುವುದು, ಲಾಭನಷ್ಟಗಳಲ್ಲಿ ಕದಲದ ಸಮಚಿತ್ತ. ಆದರೆ ಇಂದಿನ ಕನ್ನಡದಲ್ಲಿ ‘ಅವನು ಕರ್ತವ್ಯವನ್ನು ಉಪೇಕ್ಷಿಸಿದ’ ಎಂದರೆ ಕಡೆಗಣಿಸಿದ ಎಂದೇ ಅರ್ಥ. ಹತ್ತಿರದ ಶತ್ರುವು ಶಬ್ದವನ್ನೇ ಕೈವಶ ಮಾಡಿಕೊಂಡಿದ್ದಾನೆ! ಧ್ಯಾನದಿಂದ ಮನಸ್ಸು ಶಾಂತವಾಯಿತೆಂದು ಹೇಳುವವರ ಶಾಂತಿಯು ಸಮಚಿತ್ತವೋ ಅಲಕ್ಷ್ಯವೋ ಎಂಬುದನ್ನು ಅವರು ಕುಳಿತಿರುವಾಗ ಹೇಳಲು ಬರುವುದಿಲ್ಲ. ಪಕ್ಕದ ಕೇರಿಯಲ್ಲಿ ನೀರಿಲ್ಲದಿರುವಾಗ ಅವರು ಏನು ಮಾಡಿದರೆಂಬುದರಿಂದ ಹೇಳಬಹುದು.

ಅರಿಯರತ್ನೆಯವರು ಈ ನಾಲ್ಕು ಭಾವನೆಗಳನ್ನು ಹಳ್ಳಿಯ ಕೆಲಸದ ಹಂತಗಳಾಗಿ ವಿವರಿಸಿದರು. ಮೈತ್ರಿಯೆಂದರೆ ಜೀವದ ಗೌರವ. ಕರುಣೆಯೆಂದರೆ ಆ ಗೌರವದಿಂದ ಹುಟ್ಟುವ ಕೆಲಸ. ಕೆಲಸದ ಫಲವು ಮತ್ತೊಬ್ಬನಿಗೆ ದಕ್ಕುವುದನ್ನು ಕಂಡಾಗ ಆಗುವ ಹಿಗ್ಗು ಮುದಿತೆ. ಕೆಲಸವು ಕೈಗೂಡದಿದ್ದಾಗ, ಹೊಗಳಿಕೆಗೆ ಬದಲು ಬೈಗುಳ ಬಂದಾಗ ಕುಸಿಯದಿರುವುದು ಉಪೇಕ್ಷೆ. ಇವು ವ್ಯಕ್ತಿಯ ಎಚ್ಚರಕ್ಕೆ. ಸಮುದಾಯದ ಎಚ್ಚರಕ್ಕೆ ಬೇರೆ ನಾಲ್ಕು: ದಾನ, ಪ್ರಿಯವಚನ, ಅರ್ಥಚರ್ಯೆ, ಸಮಾನಾತ್ಮತೆ. ನಾಲ್ಕು ಆರ್ಯಸತ್ಯಗಳನ್ನೂ ಅವರು ಗ್ರಾಮಕ್ಕೆ ಅನ್ವಯಿಸಿದರು. ದುಃಖವೆಂದರೆ ಕಾಣುವ ದುಃಖ: ರೋಗ, ಸಾಲ, ಜಗಳ, ಹಾಳುಬಿದ್ದ ಕೆರೆ. ಅದಕ್ಕೆ ಕಾರಣವುಂಟು, ಕಾರಣವುಂಟಾದುದರಿಂದ ನಿವಾರಣೆಯೂ ಉಂಟು. ಹಣೆಬರಹವೆಂದು ಕೈಚೆಲ್ಲಿದ್ದ ಹಳ್ಳಿಗನಿಗೆ ಅವನದೇ ಧರ್ಮದ ಮಾತಿನಲ್ಲಿ ಹೀಗೆ ತಿಳಿಯಹೇಳಿದುದು ಯಾವ ಸರಕಾರಿ ಪ್ರಚಾರ ಚಿತ್ರಕ್ಕಿಂತಲೂ ಹೆಚ್ಚು ಪರಿಣಾಮಕಾರಿಯಾಯಿತು.

1967ರಲ್ಲಿ ಗಾಂಧೀ ಜನ್ಮಶತಾಬ್ದಿಯ ನೆನಪಿಗಾಗಿ ನೂರು ಗ್ರಾಮಗಳ ಯೋಜನೆಯನ್ನು ಆರಂಭಿಸಿದ ಸಂಸ್ಥೆಯು ಮುಂದಿನ ದಶಕಗಳಲ್ಲಿ ಸಾವಿರಾರು ಗ್ರಾಮಗಳಿಗೆ ಹಬ್ಬಿತು. ಮಕ್ಕಳ, ತಾಯಂದಿರ, ಯುವಕರ, ರೈತರ ಗುಂಪುಗಳು ಏರ್ಪಟ್ಟುವು. ಅರಿಯರತ್ನೆಯವರಿಗೆ 1969ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ 1996ರಲ್ಲಿ ಭಾರತ ಸರಕಾರದ ಗಾಂಧೀ ಶಾಂತಿ ಪ್ರಶಸ್ತಿಯೂ ಬಂದುವು. ಆದರೆ ಧ್ಯಾನದ ನಿಜವಾದ ಪರೀಕ್ಷೆ ನಡೆದುದು ಪ್ರಶಸ್ತಿಗಳ ಸಭಾಂಗಣದಲ್ಲಿ ಅಲ್ಲ.

1983ರ ಜುಲೈ ತಿಂಗಳ ಕೊನೆಯಲ್ಲಿ, ಜಾಫ್ನಾದಲ್ಲಿ 13 ಮಂದಿ ಸೈನಿಕರು ಹತರಾದ ಸುದ್ದಿಯ ಬೆನ್ನಿಗೆ, ಕೊಲಂಬೊದಲ್ಲಿಯೂ ಇತರ ಊರುಗಳಲ್ಲಿಯೂ ತಮಿಳರ ಮೇಲೆ ಭೀಕರ ಹಿಂಸಾಚಾರ ನಡೆಯಿತು. ಮನೆ, ಅಂಗಡಿಗಳು ಉರಿದುವು. ನೂರಾರು ಜನ, ಕೆಲವರ ಲೆಕ್ಕದಲ್ಲಿ ಸಾವಿರಾರು ಜನ, ಸತ್ತರು. ಇಪ್ಪತ್ತೈದು ವರ್ಷ ‘ಸಕಲ ಜೀವಿಗಳಿಗೆ ಸುಖವಾಗಲಿ’ ಎಂದು ಭಾವಿಸಿದ ದ್ವೀಪದಲ್ಲಿಯೇ ಇದು ನಡೆದುದು. ಮೈತ್ರಿಧ್ಯಾನ ಮಾಡುವ ಜನರಿರುವ ನಾಡು ಹೀಗೇಕಾಯಿತೆಂದು ಕೇಳುವವರಿಗೆ ಸುಲಭವಾದ ಉತ್ತರವಿಲ್ಲ. ಧ್ಯಾನವು ಕೋಪವನ್ನು ತಡೆಯುವ ಶಕ್ತಿಯನ್ನು ವ್ಯಕ್ತಿಗೆ ಕೊಡಬಲ್ಲದು. ಭಾಷೆ, ಉದ್ಯೋಗ, ಅಧಿಕಾರಗಳ ಹಂಚಿಕೆಯಲ್ಲಿ ದಶಕಗಳಿಂದ ಆದ ಅನ್ಯಾಯವನ್ನು ಅದು ತಾನಾಗಿ ಸರಿಪಡಿಸಲಾರದು. 1956ರ ‘ಸಿಂಹಳ ಮಾತ್ರ’ ಶಾಸನದಿಂದ ಮೊದಲಾದ ಬಿರುಕನ್ನು ಹಳ್ಳಿಯ ಬಾವಿ ತೋಡಿ ಮುಚ್ಚಲಾಗುತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳದೆ ಧ್ಯಾನದ ಮಹಿಮೆಯನ್ನು ಹಾಡುವುದು ಪ್ರಾಮಾಣಿಕವಾಗದು.

ಆದರೆ ಆ ದಿನಗಳಲ್ಲಿ ಸರ್ವೋದಯದವರು ಕೈಕಟ್ಟಿ ಕೂಡಲಿಲ್ಲ. ಸಿಂಹಳ ಕಾರ್ಯಕರ್ತರು ನಿರಾಶ್ರಿತರಾದ ತಮಿಳರಿಗೆ ಆಶ್ರಯ, ಅನ್ನಗಳನ್ನು ಒದಗಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ದಕ್ಷಿಣದ ಕತರಗಾಮದಿಂದ ಉತ್ತರದ ನಾಗದೀಪದವರೆಗೆ ಶಾಂತಿ ಪಾದಯಾತ್ರೆಯನ್ನು ಹೊರಡಿಸಿದರು. ಕತರಗಾಮದ ಸ್ಕಂದನಿಗೆ ಹಿಂದೂಗಳೂ ಬೌದ್ಧರೂ ನಡೆದುಕೊಳ್ಳುತ್ತಾರೆ. ನಾಗದೀಪವು ತಮಿಳರ ಸೀಮೆಯಲ್ಲಿರುವ ಬೌದ್ಧ ಕ್ಷೇತ್ರ. ಹೊರಟ ಸ್ಥಳವೂ ಮುಟ್ಟಬೇಕಾದ ಸ್ಥಳವೂ ತಾವೇ ಮಾತಾಡುವಂತಿದ್ದುವು. ಯಾತ್ರೆ ಆರಂಭವಾದೊಡನೆಯೇ ರಾಷ್ಟ್ರಾಧ್ಯಕ್ಷ ಜಯವರ್ಧನೆಯವರ ಕೋರಿಕೆಯಿಂದ ನಿಂತುಹೋಯಿತು. ನಿಲ್ಲಿಸಿದುದು ವಿವೇಕವೋ ದೌರ್ಬಲ್ಯವೋ ಎಂಬ ವಿಷಯದಲ್ಲಿ ಅಭಿಪ್ರಾಯಭೇದಕ್ಕೆ ಎಡೆಯುಂಟು. ಹತ್ತಿರದ ಶತ್ರುವಿನ ಮಾತನ್ನು ನೆನೆಯಬೇಕಾದ ಸಂದರ್ಭ ಅದು.

ಯುದ್ಧ ಬೆಳೆಯಿತು. 1990ರಲ್ಲಿ ಪ್ರೇಮದಾಸರ ಸರಕಾರವು ಸ್ವಯಂಸೇವಾ ಸಂಸ್ಥೆಗಳ ಮೇಲೆ ವಿಚಾರಣಾ ಆಯೋಗವನ್ನು ನೇಮಿಸಿದಾಗ ಸರ್ವೋದಯವೂ ಬಹಳ ಕಿರುಕುಳಕ್ಕೆ ಗುರಿಯಾಯಿತು. 1999ರಲ್ಲಿ ಕೊಲಂಬೊದ ವಿಹಾರಮಹಾದೇವಿ ಉದ್ಯಾನದಲ್ಲಿ ಸಾಮೂಹಿಕ ಶಾಂತಿಧ್ಯಾನ ನಡೆಯಿತು. 2002ರ ಫೆಬ್ರವರಿಯಲ್ಲಿ ಕದನವಿರಾಮದ ಒಪ್ಪಂದವಾಯಿತು. ಮುಂದಿನ ತಿಂಗಳ 15ರಂದು ಅನುರಾಧಪುರದಲ್ಲಿ ಲಕ್ಷಾಂತರ ಜನ ಬಿಳಿಯ ಉಡುಪಿನಲ್ಲಿ ನೆಲದ ಮೇಲೆ ಕುಳಿತು ಮೌನವಾಗಿ ಉಸಿರನ್ನು ಗಮನಿಸಿ ಮೈತ್ರಿಯನ್ನು ಭಾವಿಸಿದರು. ಬುದ್ಧಘೋಷನು ಬರೆದ ಊರಿನಲ್ಲಿಯೇ! ಅಂಥ ಸಭೆಗಳಲ್ಲಿ ಜಯಘೋಷ, ಚಪ್ಪಾಳೆಗಳಿರಲಿಲ್ಲ, ರಾಜಕಾರಣಿಗಳಿಗೆ ವೇದಿಕೆಯಿರಲಿಲ್ಲ. ಯುದ್ಧ ಮತ್ತೆ ಹೊತ್ತಿಕೊಂಡಿತು, 2009ರ ಮೇ ತಿಂಗಳಲ್ಲಿ ಅಪಾರ ಸಾವುನೋವುಗಳೊಡನೆ ಮುಗಿಯಿತು. ಧ್ಯಾನವು ಯುದ್ಧವನ್ನು ನಿಲ್ಲಿಸಲಿಲ್ಲ. ಯುದ್ಧವೇ ಧರ್ಮವೆಂಬ ಮಾತು ಕೆಲವು ಕಾವಿ ಬಟ್ಟೆಗಳಿಂದಲೂ ಕೇಳಿಬರುತ್ತಿದ್ದ ಕಾಲದಲ್ಲಿ ಅದಕ್ಕೆ ವಿರುದ್ಧವಾಗಿ ಲಕ್ಷಾಂತರ ಸಾಮಾನ್ಯ ಬೌದ್ಧರು ಹೊರಗೆ ಬಂದು ಕುಳಿತರೆಂಬುದು ಮಾತ್ರ ಉಳಿಯುವ ಸಂಗತಿ.

ಚಳವಳಿಯ ಮೇಲೆ ವಿದ್ವಾಂಸರ ಟೀಕೆಗಳೂ ಇವೆ. ರಿಚರ್ಡ್ ಗೊಂಬ್ರಿಚ್ ಮತ್ತು ಗಣನಾಥ ಒಬೆಯಸೇಕರ ಇವರು 1988ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅರಿಯರತ್ನೆಯವರು ಕಲ್ಪಿಸಿದ ಸಾಮರಸ್ಯದ ಪ್ರಾಚೀನ ಗ್ರಾಮವು ಇತಿಹಾಸದಲ್ಲಿ ಎಂದೂ ಇರಲಿಲ್ಲವೆಂದೂ, ನಗರದ ಮಧ್ಯಮವರ್ಗದ ಮೌಲ್ಯಗಳನ್ನೇ ಹಳ್ಳಿಯ ಮೇಲೆ ಹೊರಿಸಲಾಗಿದೆಯೆಂದೂ ವಾದಿಸಿದರು. ಟೀಕೆಯಲ್ಲಿ ಸತ್ಯಾಂಶವಿದೆ, ಕನತೊಳುವದಂಥ ಊರುಗಳೇ ಅದಕ್ಕೆ ಸಾಕ್ಷಿ. ಆದರೂ ಗತಕಾಲದ ವರ್ಣನೆ ತಪ್ಪಾದ ಮಾತ್ರಕ್ಕೆ ಇಂದಿನ ಕೆಲಸ ತಪ್ಪಾಗುವುದಿಲ್ಲ.

ದಾನಿಗಳ ವಿಷಯವು ಇನ್ನೂ ಸೂಕ್ಷ್ಮವಾದುದು. 1980ರ ದಶಕದಲ್ಲಿ ಪಶ್ಚಿಮದ ದಾನಸಂಸ್ಥೆಗಳು ಒಕ್ಕೂಟ ಮಾಡಿಕೊಂಡು ಸರ್ವೋದಯಕ್ಕೆ ದೊಡ್ಡ ಪ್ರಮಾಣದಲ್ಲಿ ಧನಸಹಾಯ ನೀಡಿದುವು. ಹಣದ ಹಿಂದೆ ತಪಾಸಣೆ, ವರದಿ, ಗುರಿ, ಅಂಕೆಗಳು ಬಂದುವು. ಎಷ್ಟು ಬಾವಿ, ಎಷ್ಟು ಕಕ್ಕಸು ಎಂದು ಎಣಿಸಬಹುದು. ಎಷ್ಟು ಜನ ನೆರೆಯವನ ಮೇಲಿನ ಹಗೆ ಬಿಟ್ಟರೆಂದು ಎಣಿಸುವುದು ಹೇಗೆ? ಲೆಕ್ಕ ಕೇಳುವುದು ದಾನಿಯ ಹಕ್ಕು, ಕೊಡುವುದು ಸಂಸ್ಥೆಯ ಧರ್ಮ, ಅದರಲ್ಲಿ ಸಂಶಯವಿಲ್ಲ. ಆದರೆ ಲೆಕ್ಕಕ್ಕೆ ಸಿಗುವುದನ್ನು ಮಾತ್ರ ಕೆಲಸವೆಂದು ಕರೆಯತೊಡಗಿದಾಗ ಕುಟುಂಬ ಸಭೆಯ ಮೌನವು ಕಾಲಹರಣದಂತೆ ಕಾಣತೊಡಗುತ್ತದೆ. 1990ರ ದಶಕದಲ್ಲಿ ಆ ಸಹಾಯವು ಕುಗ್ಗಿದಾಗ ಸಂಸ್ಥೆಯು ತತ್ತರಿಸಿತು. ಅನೇಕ ಕಾರ್ಯಕರ್ತರನ್ನು ಬಿಡಬೇಕಾಯಿತು. ಉಳಿದುಕೊಂಡುವು ಎಂಥವು? ತಮ್ಮದೇ ಉಳಿತಾಯದಿಂದ ನಡೆಯುತ್ತಿದ್ದ ಗ್ರಾಮಸಂಘಗಳು, ಬೆವರನ್ನಲ್ಲದೆ ಬೇರೇನನ್ನೂ ಬೇಡದ ಶಿಬಿರಗಳು. ದಾಸೋಹದ ಪರಂಪರೆಯಲ್ಲಿ ಕೊಡುವವನು ಒಡೆಯನಲ್ಲವೆಂಬ ಭಾವವಿದೆ. ಪಶ್ಚಿಮದ ದಾನಸಂಸ್ಥೆಗಳಿಗೆ ಅದರ ಪರಿಚಯವಿರಲಿಲ್ಲ; ಪರಿಚಯವಿರುವ ಕಡೆಯಲ್ಲಿಯೂ ಅದು ಸದಾ ಪಾಲನೆಯಾಗುತ್ತದೆಂದು ಹೇಳುವಂತಿಲ್ಲ.

ಇದೀಗ ಧ್ಯಾನಕ್ಕೆ ಲೋಕದಲ್ಲೆಲ್ಲ ಹೊಸ ಬೇಡಿಕೆ ಬಂದಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದಲ್ಲಿ ಜಾನ್ ಕಬಾಟ್-ಜಿನ್ ಎಂಬವರು 1979ರಲ್ಲಿ ನೋವು ಮತ್ತು ಒತ್ತಡಗಳಿಂದ ನರಳುವವರಿಗಾಗಿ ಎಂಟು ವಾರಗಳ ಸ್ಮೃತಿಸಾಧನೆಯ ತರಬೇತಿಯನ್ನು ಆರಂಭಿಸಿದ ಮೇಲೆ ಅದು ಆಸ್ಪತ್ರೆ, ಕಚೇರಿ, ಸೈನ್ಯಗಳವರೆಗೂ ವ್ಯಾಪಿಸಿತು. ಇಂದು ಅದು ಮೊಬೈಲ್ ಫೋನಿನಲ್ಲಿ ಚಂದಾ ಕಟ್ಟಿ ಪಡೆಯುವ ಸರಕೂ ಆಗಿದೆ. ರೋಗಿಗೆ ಉಪಶಮನ ದೊರೆತರೆ ಅದು ಒಳ್ಳೆಯದೇ. ಆದರೆ ದುಡಿಮೆಯ ಹೊರೆಯನ್ನು ಇಳಿಸದೆ, ಹೊರೆಯನ್ನು ಸಹಿಸುವ ಶಾಂತಿಯನ್ನಷ್ಟೇ ನೌಕರರಿಗೆ ಹಂಚುವ ಸಂಸ್ಥೆಗಳೂ ಉಂಟು. ಬುದ್ಧಘೋಷನು ಕೊನೆಯ ಮದ್ದೆಂದು ಹೇಳಿದ ಕೊಡುಕೊಳೆಗೆ ಅಲ್ಲಿ ಎಡೆಯಿಲ್ಲ.

ಕರ್ನಾಟಕದ ಶಾಲಾಕಾಲೇಜುಗಳಲ್ಲಿ ಬೆಳಗಿನ ಪ್ರಾರ್ಥನೆಯಿದೆ. ಭಾರತದಲ್ಲಿ 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳೂ ಇವೆ. ಒಂದು ಪ್ರಾರ್ಥನಾಮಂದಿರದಲ್ಲಿ, ಇನ್ನೊಂದು ಯಾವುದೋ ಹಳ್ಳಿಯಲ್ಲಿ. ಎರಡಕ್ಕೂ ಪರಸ್ಪರ ಪರಿಚಯವಿಲ್ಲ. ಶಿಬಿರದ ಮೊದಲ ದಿನ ಗುದ್ದಲಿ ಹಿಡಿದವರ ಛಾಯಾಚಿತ್ರ, ಕೊನೆಯ ದಿನ ಸಮಾರೋಪ ಭಾಷಣ. ನಡುವೆ ವಿದ್ಯಾರ್ಥಿಗಳ ಅಡುಗೆ ವಿದ್ಯಾರ್ಥಿಗಳಿಗೇ, ಊರವರು ದೂರದ ಪ್ರೇಕ್ಷಕರು. ಎಲ್ಲ ಕಡೆಯೂ ಹೀಗೆಯೇ ಎನ್ನಲಾಗದು. ಅನೇಕ ಕಡೆ ಹೀಗೆಯೇ ಎಂಬುದನ್ನು ಅಧ್ಯಾಪಕರು ಅಲ್ಲಗಳೆಯಲಾರರು.

ಲಂಕೆಯ ಪ್ರಯೋಗದಿಂದ ತೆಗೆದುಕೊಳ್ಳಬಹುದಾದುದು ಬಹಳ ಸರಳವಾದ ಕೆಲವು ಏರ್ಪಾಡುಗಳು. ಕೆಲಸಕ್ಕೆ ಮುನ್ನ ಊರವರೂ ವಿದ್ಯಾರ್ಥಿಗಳೂ ಬೆರೆತು ಒಂದೇ ಹಾಸಿನ ಮೇಲೆ ಕೂಡುವುದು. ಸಾಲುಗಳು ಜಾತಿಯಂತೆ, ಕೇರಿಯಂತೆ ಏರ್ಪಡದಂತೆ ಅಧ್ಯಾಪಕನು ನೋಡಿಕೊಳ್ಳುವುದು. ಮೌನದಲ್ಲಿ ವಿದ್ಯಾರ್ಥಿಯು ಮೊದಲು ತನ್ನನ್ನು, ಬಳಿಕ ತನ್ನ ಗುರುವನ್ನು, ಬಳಿಕ ಗೆಳೆಯನನ್ನು, ಬಳಿಕ ದಿನವೂ ಕಾಣುವ ಆದರೆ ಹೆಸರು ಕೇಳದ ಒಬ್ಬನನ್ನು (ಶಾಲೆಯ ಅಂಗಳ ಗುಡಿಸುವವನಾಗಿರಬಹುದು, ಬಸ್ಸಿನ ನಿರ್ವಾಹಕನಾಗಿರಬಹುದು), ಕೊನೆಗೆ ತಾನು ಮಾತು ಬಿಟ್ಟಿರುವ ಸಹಪಾಠಿಯನ್ನು ನೆನೆಯುವುದು. ಈ ಕ್ರಮಕ್ಕೆ ಯಾವ ಮತದ ಮಂತ್ರವೂ ಬೇಕಾಗಿಲ್ಲ; ಇಷ್ಟಲಿಂಗದ ಧ್ಯಾನದಲ್ಲಿ ಕುಳಿತವನಿಗೂ ನಮಾಜು ಮಾಡಿ ಬಂದವನಿಗೂ ಅದು ಸಲ್ಲುತ್ತದೆ. ಹುಡುಗರಿಗೆ ಮೊದಮೊದಲು ನಗು ಬರುವುದು ಸಹಜ. ಅದನ್ನು ಅಪರಾಧವೆಂದು ಭಾವಿಸಬೇಕಾಗಿಲ್ಲ. ಮೌನವನ್ನು ಶಿಸ್ತಿನ ಕ್ರಮವಾಗಿ, ಗದ್ದಲ ಮಾಡಿದುದಕ್ಕೆ ಶಿಕ್ಷೆಯಾಗಿ ವಿಧಿಸಿದರೆ ಮಾತ್ರ ಎಲ್ಲವೂ ಕೆಟ್ಟಿತು. ಆ ವಿದ್ಯಾರ್ಥಿಯು ಜೀವಮಾನವಿಡೀ ಮೌನವನ್ನು ಬೆತ್ತದೊಡನೆ ಸೇರಿಸಿಯೇ ನೆನೆಯುತ್ತಾನೆ. ಇನ್ನು ಸಂಜೆಯ ಸಭೆಯಲ್ಲಿ ಮೊದಲು ಮಾತಾಡಬೇಕಾದವರು ಪ್ರಾಂಶುಪಾಲರೂ ಅಲ್ಲ, ಅತಿಥಿಗಳೂ ಅಲ್ಲ. ಊರಿನಲ್ಲಿ ಯಾರ ಮಾತನ್ನು ಯಾರೂ ಕೇಳಿಲ್ಲವೋ ಅವರು.

2004ರ ಡಿಸೆಂಬರ್ 26ರಂದು ಸುನಾಮಿಯ ಅಲೆಗಳು ಶ್ರೀಲಂಕೆಯ ತೀರವನ್ನು ಅಪ್ಪಳಿಸಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕೊಂಡೊಯ್ದುವು. ಸಿಂಹಳರ ದಕ್ಷಿಣ, ತಮಿಳರ ಮತ್ತು ಮುಸಲ್ಮಾನರ ಪೂರ್ವ ಎಂಬ ಭೇದ ಸಮುದ್ರಕ್ಕಿರಲಿಲ್ಲ. ದೂರದ ದೇಶಗಳ ನೆರವು ಬಂದು ತಲಪುವ ಮೊದಲೇ ನೆರವಿಗೆ ನಿಂತವರಲ್ಲಿ ಒಳನಾಡಿನ ಸರ್ವೋದಯ ಗ್ರಾಮಸಂಘಗಳ ಜನರೂ ಇದ್ದರು. ಅಂಥವರಲ್ಲಿ ಅನೇಕರಿಗೆ ಗುದ್ದಲಿ ಹಿಡಿಯುವುದೂ ಕಣ್ಣು ಮುಚ್ಚಿ ಕೂಡುವುದೂ ಶಾಲೆಯ ದಿನಗಳಿಂದ ಬಂದ ಅಭ್ಯಾಸ. ಅರಿಯರತ್ನೆಯವರು 2024ರ ಏಪ್ರಿಲ್ 16ರಂದು, ತಮ್ಮ 92ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಕೊಲಂಬೊ ಸಮೀಪದ ಮೊರಟುವದಲ್ಲಿರುವ ಸಂಸ್ಥೆಯ ಕೇಂದ್ರದಿಂದ ಕೆಲಸ ಮುಂದುವರಿದಿದೆ.